ಮೊದಲ ಕಾರ್ಖಾನೆಗಳು, ಅಲ್ಲಿ ದುಡಿದ ಮಕ್ಕಳು: ಹೈಸ್ಕೂಲಿನಲ್ಲಿ ಈ ಪಾಠ ಮಾಡುವುದು ಹೇಗೆ

ಕೈಗಾರಿಕಾ ಕ್ರಾಂತಿಯ ಪಾಠ ನಮ್ಮಲ್ಲಿ ಬಹುತೇಕ ಒಂದು ಪಟ್ಟಿಯಾಗಿ ಮುಗಿದುಹೋಗುತ್ತದೆ. ಹಾರ್‌ಗ್ರೀವ್ಸ್ ಎಂದರೆ ಸ್ಪಿನ್ನಿಂಗ್ ಜೆನ್ನಿ, ಆರ್ಕ್‌ರೈಟ್ ಎಂದರೆ ವಾಟರ್ ಫ್ರೇಮ್, ಕ್ರಾಂಪ್ಟನ್ ಎಂದರೆ ಮ್ಯೂಲ್. ಹೊಂದಿಸಿ ಬರೆಯಿರಿ, ನಾಲ್ಕು ಅಂಕ. ಆ ನೂಲುವ ಯಂತ್ರಗಳ ಪಕ್ಕದಲ್ಲಿ ನಿಂತು ದುಡಿದವರಲ್ಲಿ ಬಹಳ ಜನ ತಮಗಿಂತ ಚಿಕ್ಕವರು ಎನ್ನುವುದು ಎಂಟು, ಒಂಬತ್ತನೇ ತರಗತಿಯ ಮಕ್ಕಳ ಮನಸ್ಸಿಗೆ ಇಳಿಯುವುದೇ ಇಲ್ಲ. ಮೈಸೂರು, ಮಂಡ್ಯದ ಶಾಲೆಗಳಿಗೆ ಇದನ್ನು ಕೈಗೆ ಮುಟ್ಟಿಸಿ ಕಲಿಸುವ ಅನುಕೂಲ ಇದೆ. ಇಂಗ್ಲೆಂಡಿನ ಮೊದಲ ದೊಡ್ಡ ಕಾರ್ಖಾನೆ ರೇಷ್ಮೆಯದು. ನಮ್ಮ ಮಕ್ಕಳಿಗೆ ರೇಷ್ಮೆ ಗೂಡು ಹೊಸದಲ್ಲ.

40 ನಿಮಿಷದ ಐದು ಪೀರಿಯಡ್ ಬೇಕು. ಪಾಠ ಶುರುವಾಗುವ ಮೊದಲೇ ಬೋರ್ಡಿನ ಮೂಲೆಯಲ್ಲಿ ಒಂದು ಪ್ರಶ್ನೆ ಬರೆದು, ಐದೂ ದಿನ ಅಳಿಸದಂತೆ ನೋಡಿಕೊಳ್ಳಿ: "ಇಂಗ್ಲೆಂಡಿನಲ್ಲಿ ಮಿಲ್ಲಿನ ಮಕ್ಕಳ ದುಡಿಮೆಗೆ ಮಿತಿ ಹಾಕುವ ಕಾನೂನು 1802ರಲ್ಲೇ ಬಂತು. 1833ರವರೆಗೂ ಮಿಲ್ಲುಗಳಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಯಾಕೆ?" ಪಾಠದ ಎಲ್ಲ ಚಟುವಟಿಕೆಯೂ ಈ 31 ವರ್ಷದ ಕಡೆಗೇ ನಡೆಯಬೇಕು.

ಸಾಮಾನು ಹೆಚ್ಚಿಲ್ಲ: ಇಪ್ಪತ್ತು ರೇಷ್ಮೆ ಗೂಡು, ಒಂದು ಸ್ಟೀಲ್ ಪಾತ್ರೆ, ಒಲೆ ಅಥವಾ ಕೆಟಲ್, ಭತ್ತದ ಹುಲ್ಲಿನ ಚಿಕ್ಕ ಕುಂಚ, ಅಂಗಿಯ ಗುಂಡಿ ಒಂದು, ಖಾದಿ ಕೇಂದ್ರದಲ್ಲಿ ಸಿಗುವ ಹತ್ತಿಯ ಹಂಜಿ ಒಂದು ಹಿಡಿ, ಆರು ಮೀಟರ್ ಹಗ್ಗ, ಸೀಮೆಸುಣ್ಣ, ಹಳೆಯ ಕ್ಯಾಲೆಂಡರ್ ಹಾಳೆಗಳು.

ಮೊದಲ ಪೀರಿಯಡ್: ದಿನವನ್ನು ಅಳೆಯುವುದು

ಕ್ಯಾಲೆಂಡರ್ ಹಾಳೆಗಳ ಹಿಂಬದಿಯನ್ನು ಅಂಟಿಸಿ 2 ಮೀಟರ್ 40 ಸೆಂ.ಮೀ. ಉದ್ದದ ಪಟ್ಟಿ ಮಾಡಿ. ಗಂಟೆಗೆ 10 ಸೆಂ.ಮೀ. ಲೆಕ್ಕ. ನಡುರಾತ್ರಿಯಿಂದ ನಡುರಾತ್ರಿಗೆ ಗೆರೆ ಹಾಕಿ ಗೋಡೆಗೆ ಅಂಟಿಸಿ.

ಈಗ ಎಲಿಜಬೆತ್ ಬೆಂಟ್ಲಿಯ ದಿನವನ್ನು ಬಣ್ಣದಲ್ಲಿ ತುಂಬಬೇಕು. 1832ರಲ್ಲಿ ಮೈಕೇಲ್ ಸ್ಯಾಡ್ಲರ್ ಮುಂದಾಳತ್ವದ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದಾಗ ಆಕೆಗೆ 23 ವರ್ಷ. ಲೀಡ್ಸ್‌ನ ಅಗಸೆ ನಾರಿನ ಮಿಲ್ಲಿಗೆ ಸೇರಿದಾಗ ಆರು. ತುಂಬಿದ ಬಾಬಿನ್ (ನೂಲು ಸುತ್ತುವ ಉರುಳೆ) ತೆಗೆದು ಖಾಲಿ ಬಾಬಿನ್ ಸಿಕ್ಕಿಸುವುದು ಆಕೆಯ ಕೆಲಸ. ಕೆಲಸ ಜೋರಿದ್ದಾಗ ಬೆಳಗ್ಗೆ 5ರಿಂದ ರಾತ್ರಿ 9, ಉಳಿದಂತೆ ಬೆಳಗ್ಗೆ 6ರಿಂದ ಸಂಜೆ 7. ಊಟಕ್ಕೆ ನಡುಹಗಲಿನಲ್ಲಿ 40 ನಿಮಿಷ. ಪಟ್ಟಿಯ ಮೇಲೆ ಇದು 160 ಸೆಂ.ಮೀ. ಉದ್ದದ ಕೆಂಪು, ಅದರ ಮಧ್ಯೆ 7 ಸೆಂ.ಮೀ.ಗೂ ಕಡಿಮೆ ಬಿಳಿ. ಊಟದ ಜಾಗದ ಮೇಲೆ ಒಬ್ಬ ಹುಡುಗನ ಅಂಗೈ ಇಡಿಸಿ. ಬಿಳಿ ಪೂರ್ತಿ ಮುಚ್ಚಿಹೋಗುತ್ತದೆ.

ಇಲ್ಲಿ ಆಗುವ ತಪ್ಪು ಒಂದಿದೆ. ರಾತ್ರಿ 9ರಿಂದ ಬೆಳಗ್ಗೆ 5ರವರೆಗೆ ಎಂಟು ಗಂಟೆ ಇದೆಯಲ್ಲ ಸಾರ್, ನಿದ್ದೆಗೆ ಸಾಕು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ನಡಿಗೆಯ ಲೆಕ್ಕ ಸೇರಿಸಿ. ಅದೇ ಸಮಿತಿಗೆ ಸಾಕ್ಷಿ ನುಡಿದ ಮ್ಯಾಥ್ಯೂ ಕ್ರಾಬ್‌ಟ್ರೀ ಎಂಟನೇ ವಯಸ್ಸಿಗೆ ಮಿಲ್ಲು ಸೇರಿದವನು. ಮನೆಯಿಂದ ಮಿಲ್ಲಿಗೆ ಸುಮಾರು ಎರಡು ಮೈಲಿ. ಹೋಗಿ ಬರುವುದಕ್ಕೆ, ರಾತ್ರಿ ಊಟಕ್ಕೆ, ಎದ್ದು ಹೊರಡುವುದಕ್ಕೆ ಪಟ್ಟಿಯಲ್ಲಿ ಜಾಗ ಕತ್ತರಿಸಿದ ಮೇಲೆ ನಿದ್ದೆ ಎಷ್ಟು ಉಳಿಯಿತು ಎಂದು ಮಕ್ಕಳೇ ಅಳೆಯಲಿ.

ಮಿಲ್ ಮಾಲೀಕರ ತಕರಾರನ್ನೂ ಹೇಳಬೇಕು, ಮುಚ್ಚಿಡಬಾರದು. ಸ್ಯಾಡ್ಲರ್ ತನಗೆ ಬೇಕಾದ ಸಾಕ್ಷಿಗಳನ್ನೇ ಕರೆಸಿದ್ದಾನೆ ಎಂದು ಅವರು ಗಲಾಟೆ ಮಾಡಿದರು. ಹಾಗಾಗಿ 1833ರಲ್ಲಿ ಬೇರೆ ರಾಯಲ್ ಕಮಿಷನ್ ಊರೂರು ಸುತ್ತಿತು. ಮಕ್ಕಳು ದೊಡ್ಡವರಷ್ಟೇ ಹೊತ್ತು ದುಡಿಯುತ್ತಿದ್ದಾರೆ ಎಂದು ಅದೂ ಒಪ್ಪಿತು. ಎರಡು ಕಡೆಯ ಮಾತು ಕೇಳಿಸಿಕೊಂಡ ಮಕ್ಕಳು ಸಾಕ್ಷಿಯನ್ನು ತೂಗಿ ನೋಡುವುದು ಕಲಿಯುತ್ತಾರೆ.

ಎರಡನೇ ಪೀರಿಯಡ್: ಗೂಡು, ಎಳೆ, ಎತ್ತರದ ಮೆಟ್ಟು

ಇಂಗ್ಲೆಂಡಿನ ಡರ್ಬಿ ಊರಿನಲ್ಲಿ, ಡರ್ವೆಂಟ್ ನದಿಯ ದಂಡೆ ಮೇಲೆ ಥಾಮಸ್ ಲೋಂಬ್ 1721ರ ಹೊತ್ತಿಗೆ ರೇಷ್ಮೆ ಹುರಿ ಮಾಡುವ ಐದಂತಸ್ತಿನ ಮಿಲ್ಲು ಕಟ್ಟಿ ಮುಗಿಸಿದ. ಹುರಿ ಯಂತ್ರದ ಗುಟ್ಟನ್ನು ಇಟಲಿಯಿಂದ ತಂದವನು ಅವನ ತಮ್ಮ ಜಾನ್. ಒಂದೇ ನೀರಿನ ಚಕ್ರ ಇಡೀ ಕಟ್ಟಡದ ಯಂತ್ರಗಳನ್ನು ತಿರುಗಿಸುತ್ತಿತ್ತು. ಅದೇ ಕಣಿವೆಯ ಕ್ರಾಮ್‌ಫರ್ಡ್‌ನಲ್ಲಿ ಆರ್ಕ್‌ರೈಟ್ ಹತ್ತಿ ಮಿಲ್ಲು ಶುರುಮಾಡಿದ್ದು 50 ವರ್ಷ ಕಳೆದು, 1771ರಲ್ಲಿ.

1730ರಲ್ಲಿ ಡರ್ಬಿಯ ಈ ಮಿಲ್ಲಿಗೆ ವಿಲಿಯಂ ಹಟನ್ ಎಂಬ ಏಳು ವರ್ಷದ ಹುಡುಗ ಏಳು ವರ್ಷದ ಕರಾರಿಗೆ ಸೇರಿದ. ದಿನಾ ಬೆಳಗಿನ ಜಾವ ಐದಕ್ಕೆ ಏಳಬೇಕು. ಯಂತ್ರ ಅವನ ಕೈಗೆ ಎಟುಕುತ್ತಿರಲಿಲ್ಲ. ಅದಕ್ಕೆ ಎತ್ತರದ ಅಟ್ಟೆಯ ಮೆಟ್ಟು ಮಾಡಿಸಿ ಅವನ ಪಾದಕ್ಕೆ ಕಟ್ಟಿದರು. ತಾನು ಬೆಳೆದು ಎತ್ತರವಾಗುವ ತನಕ ಅದನ್ನು ಎಳೆದುಕೊಂಡೇ ಓಡಾಡಿದೆ ಎಂದು ಅವನು ದೊಡ್ಡವನಾದ ಮೇಲೆ ಬರೆದಿಟ್ಟಿದ್ದಾನೆ. ಪಕ್ಕದ ಪ್ರಾಥಮಿಕ ಶಾಲೆಯ ಎರಡನೇ ತರಗತಿ ಮಗುವಿನ ಕೈ ಎಲ್ಲಿಯವರೆಗೆ ಎಟುಕುತ್ತದೆ ಎಂದು ಮೊದಲೇ ಅಳೆದು ತಂದು, ಗೋಡೆಯ ಮೇಲೆ ಗೆರೆ ಎಳೆಯಿರಿ. ಆ ಗೆರೆಗಿಂತ ಒಂದು ಗೇಣು ಮೇಲೆ ಇನ್ನೊಂದು ಗೆರೆ. ಎರಡರ ನಡುವಿನ ಜಾಗವೇ ಆ ಮೆಟ್ಟಿನ ಕೆಲಸ. ಯಂತ್ರವನ್ನು ಮಗುವಿಗೆ ತಕ್ಕಂತೆ ಬದಲಿಸಲಿಲ್ಲ, ಮಗುವನ್ನೇ ಯಂತ್ರಕ್ಕೆ ಹೊಂದಿಸಿದರು. ಇಷ್ಟು ಹೇಳಿ ಎಳೆಯ ಕೆಲಸಕ್ಕೆ ಬನ್ನಿ.

ಗೂಡು ತರುವಾಗ ಎಚ್ಚರ: ಚಿಟ್ಟೆ ತೂತು ಮಾಡಿ ಹೊರಬಂದ ಬಿತ್ತನೆ ಗೂಡು ಬೇಡ. ಅದರ ಎಳೆ ತೂತಿನ ಕಡೆ ನೂರು ಕಡೆ ತುಂಡಾಗಿರುತ್ತದೆ, ಬಿಚ್ಚಲು ಬರುವುದಿಲ್ಲ. ರೈತರ ಮನೆಯಿಂದಲೋ ಗೂಡಿನಿಂದ ನೂಲು ಬಿಚ್ಚುವ ರೀಲರುಗಳಿಂದಲೋ ಒಣಗಿಸಿದ ಇಡೀ ಗೂಡು ತನ್ನಿ. ಜೀವಂತ ಕೋಶ (ಒಳಗಿನ ಹುಳು) ಇರುವ ಹಸಿ ಗೂಡನ್ನು ತರಗತಿಯಲ್ಲಿ ಬೇಯಿಸುವುದು ಬೇಡ.

ನೀರು ಕುದಿಯುವ ಮುನ್ನ, ತಳದಿಂದ ಸಣ್ಣ ಗುಳ್ಳೆ ಏಳುವ ಹಂತದಲ್ಲಿ ಆರು ಗೂಡು ಹಾಕಿ, ಹುಲ್ಲಿನ ಕುಂಚದಿಂದ ಮುಳುಗಿಸಿ ತಿರುವುತ್ತಾ ಎರಡು ಮೂರು ನಿಮಿಷ ಬೇಯಿಸಿ. ಬಿಸಿನೀರಿನ ಕೆಲಸ ಪೂರ್ತಿ ಮೇಷ್ಟ್ರದೇ. ಮಕ್ಕಳು ಎರಡು ಹೆಜ್ಜೆ ಹಿಂದೆ. ನೀರಿಗೆ ತಣ್ಣೀರು ಬೆರೆಸಿ, ಬೆರಳಿಟ್ಟರೆ ಹಿತವಾಗುವಷ್ಟು ಬೆಚ್ಚಗಾದ ಮೇಲೆ ಅವರ ಮುಂದಿಡಿ. ಕುಂಚ ಆಡಿಸಿದರೆ ಮೊದಲು ಸಿಕ್ಕುಸಿಕ್ಕಾದ ಮೇಲ್ಪದರ ಬರುತ್ತದೆ. ಅದನ್ನು ಎಳೆದು ತೆಗೆಯುತ್ತಾ ಹೋದರೆ ಪ್ರತಿ ಗೂಡಿನಿಂದ ಒಂದೇ ಒಂದು ನಯವಾದ ಎಳೆ ಉಳಿಯುತ್ತದೆ. ಆರೂ ಎಳೆ ಸೇರಿಸಿ ಗುಂಡಿಯ ಒಂದು ತೂತಿನಲ್ಲಿ ತೂರಿಸಿ, 25 ಸೆಂ.ಮೀ. ಅಗಲದ ರಟ್ಟಿಗೆ ಸುತ್ತಿ. ಒಂದು ಸುತ್ತಿಗೆ ಅರ್ಧ ಮೀಟರ್. ನೂರು ಸುತ್ತಿಗೆ 50 ಮೀಟರ್. ಮಿಶ್ರತಳಿ ಗೂಡಿನಲ್ಲೇ ಹಲವು ನೂರು ಮೀಟರ್ ಎಳೆ ಇರುತ್ತದೆ, ದ್ವಿತಳಿಯಲ್ಲಿ ಸಾವಿರ ದಾಟುವುದೂ ಉಂಟು.

ಕೆಡುವುದು ಹೇಗೆಂದರೆ: ಬೆಂದದ್ದು ಸಾಲದಿದ್ದರೆ ಎಳೆ ಬಿಡುವುದಿಲ್ಲ, ಗೂಡು ನೀರಿನಿಂದ ಮೇಲಕ್ಕೆ ಹಾರಿಬಂದು ಎಳೆ ಕಡಿಯುತ್ತದೆ. ಹೆಚ್ಚು ಬೆಂದರೆ ಪದರಕ್ಕೆ ಪದರವೇ ಕಿತ್ತು ಮುದ್ದೆಯಾಗುತ್ತದೆ. ಫ್ಯಾನ್ ಹಾಕಿದ್ದರೆ ಏನು ಮಾಡಿದರೂ ಆಗದು, ಮೊದಲು ಆರಿಸಿ. ಎಳೆ ಕಡಿದಾಗಲೆಲ್ಲ ಸುತ್ತುವವರು ನಿಲ್ಲಬಾರದು, ಪಕ್ಕದಲ್ಲಿರುವವರೇ ಹುಡುಕಿ ಸೇರಿಸಬೇಕು ಎಂಬ ನಿಯಮ ಇಡಿ. ಹತ್ತು ನಿಮಿಷದಲ್ಲಿ ಕಣ್ಣು ಸೋಲುತ್ತದೆ, ಬೆರಳ ತುದಿ ನೆನೆದು ಸುಕ್ಕಾಗುತ್ತದೆ. ಕೋಶದ ವಾಸನೆಗೆ ಕೆಲವರಿಗೆ ವಾಕರಿಕೆ ಬಂದರೆ ಹೊರಗೆ ಕಳುಹಿಸಿ, ಬಲವಂತ ಬೇಡ. ಬಿಚ್ಚಾಣಿಕೆ ಕೆಲಸದವರ ಕೈ ದಿನವಿಡೀ ಇದೇ ನೀರಿನಲ್ಲಿ ಇರುತ್ತದೆ, ಚರ್ಮ ಬಿರಿಯುತ್ತದೆ ಎಂದು ಆಗಲೇ ಹೇಳಿ. ಸುಕ್ಕಾದ ಬೆರಳು ಕಣ್ಣ ಮುಂದಿರುವಾಗ ಹೇಳಿದ ಮಾತು ನೆನಪಿನಲ್ಲಿ ಉಳಿಯುತ್ತದೆ.

ಮೂರನೇ ಪೀರಿಯಡ್: ಮಕ್ಕಳೇ ಯಾಕೆ?

ಈ ಪ್ರಶ್ನೆಗೆ ತರಗತಿ ಒಂದೇ ದನಿಯಲ್ಲಿ "ಬಡತನ" ಎನ್ನುತ್ತದೆ. ಸರಿಯೇ, ಆದರೆ ಬಡತನ ಕಾರ್ಖಾನೆಗಿಂತ ಹಳೆಯದು. ಮಕ್ಕಳು ಹೊಲದಲ್ಲಿ, ಮನೆಯ ಮಗ್ಗದಲ್ಲಿ ಮೊದಲೂ ದುಡಿಯುತ್ತಿದ್ದರು. ಮಿಲ್ಲಿನಲ್ಲಿ ಹೊಸದಾಗಿ ಬಂದದ್ದು, ನಿಲ್ಲದೆ ತಿರುಗುವ ಚಕ್ರದ ವೇಗಕ್ಕೆ ಮಗುವಿನ ಮೈ ಹೊಂದಿಕೊಳ್ಳಬೇಕಾದ ಸ್ಥಿತಿ. ಇದನ್ನು ನೆಲದ ಮೇಲೆ ತೋರಿಸಿ.

ಐದು ಅಡಿ ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಕ್ರಾಂಪ್ಟನ್ 1779ರಲ್ಲಿ ರೂಪಿಸಿದ ಮ್ಯೂಲ್ ಯಂತ್ರದ ಗಾಡಿ ಮುಂದೆ ದೊಡ್ಡ ಮಿಲ್ಲುಗಳಲ್ಲಿ ಹೆಚ್ಚುಕಡಿಮೆ ಇಷ್ಟು ದೂರ ಹೊರಕ್ಕೆ ಬಂದು ನೂಲನ್ನು ಎಳೆದು ಹೊಸೆಯುತ್ತಿತ್ತು, ಒಳಕ್ಕೆ ಹೋಗಿ ಸುತ್ತುತ್ತಿತ್ತು. ನಿಮಿಷಕ್ಕೆ ಮೂರು ನಾಲ್ಕು ಸಲ. ಇಬ್ಬರು ಮಕ್ಕಳು ಹಗ್ಗವನ್ನು ಸೊಂಟದ ಮಟ್ಟಕ್ಕೆ ಹಿಡಿದು ಒಂದು ಗೆರೆಯಿಂದ ಇನ್ನೊಂದಕ್ಕೆ ಹತ್ತು ಸೆಕೆಂಡಿನಲ್ಲಿ ಬರಲಿ, ಐದು ಸೆಕೆಂಡಿನಲ್ಲಿ ಹಿಂದಕ್ಕೆ ಹೋಗಲಿ. ನೀವು ತಾಳ ಹಾಕಿ. ಹಗ್ಗದುದ್ದಕ್ಕೂ ಹಂಜಿಯಿಂದ ಎಳೆದ ಹತ್ತು ಸಡಿಲ ಎಳೆ ಇಳಿಬಿಟ್ಟಿರಿ, ನಾಲ್ಕನ್ನು ಕಡಿದಿಡಿ. ಮೂರನೆಯವರು ನಡೆದುಕೊಂಡೇ ಕಡಿದ ತುದಿಗಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೊಸೆದು ಕೂಡಿಸಬೇಕು. ಗಂಟು ಹಾಕಬಾರದು, ಗಂಟು ಬಿದ್ದರೆ ನೂಲು ಕೆಟ್ಟಂತೆ. ಇದು ಪೀಸರ್ ಕೆಲಸ. ಗಾಡಿ ಹೊರಗಿರುವಷ್ಟು ಹೊತ್ತಿನಲ್ಲಿ ಎಳೆಗಳ ಕೆಳಗೆ ತೆವಳಿ ಧೂಳು, ಹತ್ತಿ ಗುಡಿಸಿ ಹೊರಬರಬೇಕಾದವರು ಇನ್ನೂ ಚಿಕ್ಕವರು, ಸ್ಕ್ಯಾವೆಂಜರ್‌ಗಳು. ಇದನ್ನು ಬಾಯಲ್ಲಿ ಹೇಳಿದರೆ ಸಾಕು. ಬೆಂಚಿನ ಕೆಳಗೆ ಯಾರನ್ನೂ ತೆವಳಿಸಬೇಡಿ. ಹೊಡೆಯುವ ಮೇಸ್ತ್ರಿಯ ಪಾತ್ರವನ್ನೂ ಯಾರಿಗೂ ಕೊಡಬೇಡಿ. ಒಮ್ಮೆ ತರಗತಿ ನಗತೊಡಗಿದರೆ ಪಾಠ ಕೈತಪ್ಪುತ್ತದೆ.

ಚಟುವಟಿಕೆ ಮುಗಿದ ಮೇಲೆ ಬಡತನದ ಜೊತೆಗೆ ಉಳಿದ ಕಾರಣಗಳನ್ನು ಬರೆಸಿ. ಶಕ್ತಿ ನೀರಿನದು, ತೋಳಬಲ ಬೇಕಿರಲಿಲ್ಲ. ಮಕ್ಕಳ ಕೂಲಿ ದೊಡ್ಡವರ ಕೂಲಿಯ ಒಂದು ಚೂರು. ನೀರು ಧುಮುಕುವ ಕಣಿವೆಗಳಲ್ಲಿ ಆಳು ಸಿಗುತ್ತಿರಲಿಲ್ಲವಾದ್ದರಿಂದ, ಲಂಡನ್ನಿನ ಅನಾಥಾಲಯಗಳ ಮಕ್ಕಳನ್ನು ಅಪ್ರೆಂಟಿಸ್ ಎಂಬ ಹೆಸರಿನಲ್ಲಿ ಗಾಡಿ ತುಂಬಿಸಿ ಕಳುಹಿಸುತ್ತಿದ್ದರು. ಇನ್ನೊಂದು ಸಂಗತಿಯನ್ನು ಬಿಡಬೇಡಿ: ಎಷ್ಟೋ ಮಿಲ್ಲುಗಳಲ್ಲಿ ಪೀಸರ್‌ನನ್ನು ನೇಮಿಸಿ ಕೂಲಿ ಕೊಡುತ್ತಿದ್ದವನು ಮಾಲೀಕನಲ್ಲ, ನೂಲುವವನೇ. ಎಷ್ಟೋ ಸಲ ಆ ಪೀಸರ್ ಅವನ ಸ್ವಂತ ಮಗು. "ನಾವು ನೇಮಿಸಿಕೊಂಡಿಲ್ಲ" ಎನ್ನುವ ಮಾತು ಅಲ್ಲಿಂದಲೇ ಶುರು.

ನಾಲ್ಕನೇ ಪೀರಿಯಡ್: ಕಾನೂನು ಯಾವಾಗ ಕೆಲಸ ಮಾಡಿತು

ಐದರಲ್ಲಿ ಮುಖ್ಯವಾದದ್ದು ಇದು. ಸಮಯ ಸಾಲದಿದ್ದರೆ ಮೂರನೆಯದನ್ನು ಮೊಟಕುಮಾಡಿ, ಇದನ್ನಲ್ಲ.

1802ರ ಕಾಯ್ದೆ ಅಪ್ರೆಂಟಿಸ್ ಮಕ್ಕಳಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. ಓದುಬರಹ ಕಲಿಸಬೇಕು, ಗೋಡೆಗೆ ಸುಣ್ಣ ಬಳಿಯಬೇಕು, ಒಂದು ಹಾಸಿಗೆಯಲ್ಲಿ ಇಬ್ಬರಿಗಿಂತ ಹೆಚ್ಚು ಮಕ್ಕಳನ್ನು ಮಲಗಿಸಬಾರದು ಎಂದೂ ಹೇಳಿತು. ನೋಡಿಕೊಳ್ಳುವವರು ಯಾರು? ಊರಿನ ಮ್ಯಾಜಿಸ್ಟ್ರೇಟರು ನೇಮಿಸುವ ಇಬ್ಬರು ಸಂದರ್ಶಕರು, ಒಬ್ಬ ಮ್ಯಾಜಿಸ್ಟ್ರೇಟ್, ಒಬ್ಬ ಪಾದ್ರಿ. ಅದೇ ಅವರ ಉದ್ಯೋಗವಲ್ಲ, ಹೋಗದಿದ್ದರೆ ಕೇಳುವವರೂ ಇಲ್ಲ. 1819ರ ಕಾಯ್ದೆ ಹತ್ತಿ ಮಿಲ್ಲುಗಳಲ್ಲಿ ಒಂಬತ್ತು ವರ್ಷದೊಳಗಿನವರನ್ನು ನಿಷೇಧಿಸಿತು. ನೋಡುವವರು ಆಗಲೂ ಇರಲಿಲ್ಲ. 1833ರ ಕಾಯ್ದೆ ಒಂಬತ್ತರಿಂದ ಹದಿಮೂರರೊಳಗಿನವರಿಗೆ ವಾರಕ್ಕೆ 48 ಗಂಟೆ, ದಿನಕ್ಕೆ ಎರಡು ಗಂಟೆ ಶಾಲೆ, 18ರೊಳಗಿನವರಿಗೆ ರಾತ್ರಿ ಕೆಲಸ ಇಲ್ಲ ಎಂದಿತು. ಅದರ ಜೊತೆಗೆ, ಸರ್ಕಾರದಿಂದ ಸಂಬಳ ಪಡೆಯುವ, ಯಾವ ಮಿಲ್ಲಿಗಾದರೂ ನುಗ್ಗಿ ನೋಡುವ ಅಧಿಕಾರವಿದ್ದ ನಾಲ್ವರು ಇನ್ಸ್‌ಪೆಕ್ಟರುಗಳನ್ನು ನೇಮಿಸಿತು. ಇಡೀ ದೇಶಕ್ಕೆ ನಾಲ್ಕೇ ಜನ! ರೇಷ್ಮೆ ಮಿಲ್ಲುಗಳಿಗೆ ಕನಿಷ್ಠ ವಯಸ್ಸಿನ ನಿಯಮದಿಂದ ವಿನಾಯಿತಿ ಇತ್ತು ಎಂದಾಗ, ಎರಡನೇ ದಿನ ಎಳೆ ಹಿಡಿದ ಮಕ್ಕಳು ತಾವಾಗಿಯೇ "ಯಾಕೆ?" ಎನ್ನುತ್ತಾರೆ.

ಆಟ ಹೀಗಿದೆ. ಪ್ರತಿ ಡೆಸ್ಕೂ ಒಂದು ಮಿಲ್ಲು. ಪ್ರತಿ ಮಿಲ್ಲಿಗೂ ಮಡಿಚಿದ ಚೀಟಿ: ಒಳಗೆ ನಿಜವಾದ ವಯಸ್ಸು, ಗಂಟೆ; ಹೊರಗೆ ಏನು ಬರೆಯಬೇಕೋ ಮಿಲ್ಲಿನವರ ಇಷ್ಟ. ಮೊದಲ ಸುತ್ತಿನಲ್ಲಿ ಹೊರಗಿನದನ್ನಷ್ಟೇ ಓದಿಸಿ ಬೋರ್ಡಿನಲ್ಲಿ ಬರೆಯಿರಿ. ಎಲ್ಲ ಮಿಲ್ಲೂ ಕಾನೂನುಬದ್ಧ! ಎರಡನೇ ಸುತ್ತಿಗೆ ನಾಲ್ವರು ಇನ್ಸ್‌ಪೆಕ್ಟರು, ಐದು ನಿಮಿಷ, ಪ್ರತಿ ಡೆಸ್ಕಿನಲ್ಲೂ ಮೂರು ಪ್ರಶ್ನೆ ಕೇಳಿದ ಮೇಲಷ್ಟೇ ಚೀಟಿ ಬಿಡಿಸಬಹುದು. ಕೆಲವು ಡೆಸ್ಕಿಗೆ ಅವರು ತಲುಪುವುದೇ ಇಲ್ಲ. ತಲುಪಿದ ಕಡೆ ಸಿಕ್ಕಿಬಿದ್ದದ್ದು ಎಷ್ಟು, ತಲುಪದ ಕಡೆ ಬಿಡಿಸಿ ನೋಡಿದಾಗ ಎಷ್ಟು ಎಂದು ಪಕ್ಕಪಕ್ಕ ಬರೆಸಿ. ಚೀಟಿಗಳಲ್ಲಿ ಮೂರರಲ್ಲೊಂದು ಪಾಲಾದರೂ ನಿಜಕ್ಕೂ ಸರಿಯಾಗಿರುವ ಮಿಲ್ಲು ಇಡಿ. ಎಲ್ಲರೂ ಕಳ್ಳರೇ ಆದರೆ ಇನ್ಸ್‌ಪೆಕ್ಟರುಗಳು ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡುತ್ತಾರೆ.

ವಯಸ್ಸನ್ನು ಕಂಡುಹಿಡಿಯುವುದು ಆಗ ನಿಜಕ್ಕೂ ಕಷ್ಟವಿತ್ತು. ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದು 1837ರಲ್ಲಿ. ಅದಕ್ಕೆ ಮುಂಚೆ ವೈದ್ಯರು ಮಗುವಿನ ಮೈಕಟ್ಟು ನೋಡಿ ಒಂಬತ್ತು ತುಂಬಿದೆ ಎಂದು ಬರೆದುಕೊಡುತ್ತಿದ್ದರು. ಕೂಲಿ ಬೇಕಾದ ತಂದೆತಾಯಿಯೂ ಒಂದೆರಡು ವರ್ಷ ಸೇರಿಸಿ ಹೇಳುತ್ತಿದ್ದರು. ನಿಮ್ಮ ಶಾಲೆಯ ಆರೋಗ್ಯ ತಪಾಸಣೆ ದಾಖಲೆಯಿಂದ ಒಂದೇ ವಯಸ್ಸಿನ ಹತ್ತು ಮಕ್ಕಳ ಎತ್ತರವನ್ನು ಹೆಸರಿಲ್ಲದೆ ಬೋರ್ಡಿನಲ್ಲಿ ಬರೆಯಿರಿ. ಎತ್ತರ ನೋಡಿ ವಯಸ್ಸು ಹೇಳಲು ಆಗದು ಎನ್ನುವುದು ಅಲ್ಲೇ ಕಾಣುತ್ತದೆ. ತರಗತಿಯಲ್ಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಳೆಯಬೇಡಿ, ಗಿಡ್ಡ ಮಕ್ಕಳಿಗೆ ಅವಮಾನವಾಗುತ್ತದೆ. 1837ರಲ್ಲಿ ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯ ಎತ್ತರಕ್ಕಿಂತ ಹಲ್ಲು ನಂಬಿಕೆಗೆ ಅರ್ಹ ಎಂದು ಸಂಸತ್ತಿನ ಮುಂದಿಟ್ಟ. ಎರಡನೇ ದವಡೆ ಹಲ್ಲು ಸಾಮಾನ್ಯವಾಗಿ 12, 13ರ ಹೊತ್ತಿಗೆ ಮೂಡುತ್ತದೆ. ಮಕ್ಕಳು ಬಾಯಿ ಮುಚ್ಚಿಕೊಂಡೇ ನಾಲಿಗೆಯಿಂದ ತಮ್ಮ ಹಲ್ಲು ಎಣಿಸಿಕೊಳ್ಳಲಿ. ಉತ್ತರ ಯಾರೂ ಹೇಳಬೇಕಿಲ್ಲ.

ಗಡಿಯಾರದ ಸಂಗತಿ ಮೈಸೂರಿನ ಮಕ್ಕಳಿಗೆ ಬೇಗ ಹತ್ತುತ್ತದೆ. ಮಿಲ್ಲಿನೊಳಗಿನ ಗಡಿಯಾರ ಮಾಲೀಕನದು, ಬೆಳಗ್ಗೆ ಮುಂದೆ, ಸಂಜೆ ಹಿಂದೆ ತಿರುಗಿಸಿದರೆ ಕೇಳುವವರಿಲ್ಲ. ಅದಕ್ಕೇ 1844ರ ಕಾಯ್ದೆ ಕೆಲಸದ ಹೊತ್ತನ್ನು ಊರಿನ ಸಾರ್ವಜನಿಕ ಗಡಿಯಾರಕ್ಕೆ ಹೊಂದಿಸಬೇಕು ಎಂದಿತು. ಮೈಸೂರಿನ ಗಡಿಯಾರ ಗೋಪುರ, ದೊಡ್ಡ ಗಡಿಯಾರವನ್ನು ನೆನಪಿಸಿ: ಎಲ್ಲರಿಗೂ ಕಾಣುವ ಗಂಟೆಯನ್ನು ಒಬ್ಬನೇ ತಿರುಚಲಾರ. ಅದೇ ಕಾಯ್ದೆ ಯಂತ್ರಗಳಿಗೆ ತಡೆಬೇಲಿ ಹಾಕಿಸಿತು, 13ರೊಳಗಿನವರಿಗೆ ದಿನಕ್ಕೆ ಆರೂವರೆ ಗಂಟೆಯ ಮಿತಿ ತಂದಿತು. ಆದರೆ ಸೇರುವ ವಯಸ್ಸನ್ನು ಎಂಟಕ್ಕೆ ಇಳಿಸಿತು. ಮುಂದಕ್ಕೆ ಎರಡು ಹೆಜ್ಜೆ, ಹಿಂದಕ್ಕೆ ಒಂದು.

ಐದನೇ ಪೀರಿಯಡ್: ನಮ್ಮ ಕಡೆಗೆ

ಬ್ರಿಟಿಷ್ ಇಂಡಿಯಾದ ಮೊದಲ ಕಾರ್ಖಾನೆ ಕಾಯ್ದೆ 1881ರದು. ಏಳು ವರ್ಷದೊಳಗಿನವರು ಬೇಡ, ಏಳರಿಂದ ಹನ್ನೆರಡರವರಿಗೆ ಒಂಬತ್ತು ಗಂಟೆ. ನೂರು ಅಥವಾ ಹೆಚ್ಚು ಜನ ದುಡಿಯುವ, ಯಂತ್ರಶಕ್ತಿ ಇರುವ ಕಾರ್ಖಾನೆಗೆ ಮಾತ್ರ. ಬಾಂಬೆ ಮಿಲ್ಲುಗಳ ಅಗ್ಗದ ನೂಲಿಗೆ ಹೆದರಿದ ಇಂಗ್ಲೆಂಡಿನ ಲಂಕಾಶೈರ್ ಮಿಲ್ ಮಾಲೀಕರ ಒತ್ತಡವೂ ಇದರ ಹಿಂದೆ ಇತ್ತು. 1891ರಲ್ಲಿ ವಯಸ್ಸು ಒಂಬತ್ತು, 1922ರಲ್ಲಿ ಹನ್ನೆರಡು, 1948ರಲ್ಲಿ ಹದಿನಾಲ್ಕು. ಸಂವಿಧಾನದ 24ನೇ ವಿಧಿ ಹದಿನಾಲ್ಕರೊಳಗಿನ ಮಗುವನ್ನು ಕಾರ್ಖಾನೆ, ಗಣಿಗೆ ಸೇರಿಸಬಾರದು ಎನ್ನುತ್ತದೆ. ಈ ಅಂಕಿಗಳನ್ನು ಬಾಯಿಪಾಠ ಮಾಡಿಸುವ ಬದಲು "ನೂರು ಜನ" ಎನ್ನುವುದರ ಮೇಲೆ ನಿಲ್ಲಿ. 99 ಜನ ಇದ್ದರೆ? ಕೆಲಸವನ್ನು ಹತ್ತು ಮನೆಗೆ ಹಂಚಿದರೆ? ಬೀಡಿ, ಊದುಬತ್ತಿ, ರೇಷ್ಮೆ ಹುರಿ ಮನೆಗಳಲ್ಲಿ, ಚಿಕ್ಕ ಷೆಡ್ಡುಗಳಲ್ಲಿ ಮಕ್ಕಳು ಯಾಕೆ ಉಳಿದರು ಎನ್ನುವುದಕ್ಕೆ ಉತ್ತರದ ದೊಡ್ಡ ಪಾಲು ಇಲ್ಲಿದೆ. 1986ರ ಬಾಲಕಾರ್ಮಿಕ ಕಾಯ್ದೆಯೂ ಮನೆಯವರೇ ನಡೆಸುವ ಕೆಲಸವನ್ನು ಹೊರಗಿಟ್ಟಿತು. 2016ರ ತಿದ್ದುಪಡಿ ಹದಿನಾಲ್ಕರೊಳಗಿನವರನ್ನು ಎಲ್ಲ ಉದ್ಯೋಗಗಳಿಂದ ದೂರವಿಟ್ಟು, ಶಾಲೆ ಮುಗಿದ ಮೇಲೆ ಮನೆಯವರಿಗೆ ನೆರವಾಗುವುದಕ್ಕೆ ಅವಕಾಶ ಉಳಿಸಿತು. 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಸೇರಿಸುವಂತಿಲ್ಲ.

ಹೊರಗೆ ಕರೆದೊಯ್ಯಲು ಆಗುವುದಾದರೆ ಮೈಸೂರಿನ ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆಗೆ ಮೊದಲೇ ಪತ್ರ ಬರೆದು ಅನುಮತಿ ಪಡೆಯಿರಿ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದದ್ದು. ಮಗ್ಗಗಳ ಸದ್ದಿನಲ್ಲಿ ಒಂದು ಮಾತು ಕೇಳಿಸಲು ಎಷ್ಟು ಹತ್ತಿರ ನಿಲ್ಲಬೇಕು ಎಂದು ಹೆಜ್ಜೆ ಎಣಿಸಿ ಬರೆಯಲಿ. ಮಂಡ್ಯದವರು ನಿವೃತ್ತ ಸಕ್ಕರೆ ಕಾರ್ಖಾನೆ ಕಾರ್ಮಿಕರನ್ನೋ ಆಲೆಮನೆಯ ಹಿರಿಯರನ್ನೋ ಮಾತನಾಡಿಸಬಹುದು. ತಂಡಕ್ಕೆ ನಾಲ್ವರು ಸಾಕು. "ನೀವು ಎಷ್ಟು ಕಷ್ಟಪಟ್ಟಿರಿ?" ಎಂದು ಕೇಳಿದರೆ ದೊಡ್ಡವರು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. "ತಾತ, ಮೊದಲ ದಿನ ಕೆಲಸಕ್ಕೆ ಯಾರ ಜೊತೆ ಹೋದಿರಿ? ಕೈಗೆ ಏನು ಕೊಟ್ಟರು? ಬುತ್ತಿಯಲ್ಲಿ ಏನಿತ್ತು? ಮೊದಲ ಕೂಲಿಯನ್ನು ಯಾರ ಕೈಗೆ ಕೊಟ್ಟಿರಿ?" ಎಂದು ಕೇಳಿಸಿ. ಆಗ ವಯಸ್ಸೆಷ್ಟು ಎಂದರೆ ನೆನಪಿರುವುದಿಲ್ಲ. 1956ರ ಏಕೀಕರಣ, 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟದ್ದು, ಎಮರ್ಜೆನ್ಸಿ, ಇವುಗಳ ಹಿಂದೆಯೋ ಮುಂದೆಯೋ ಎಂದು ಕೇಳಿ ಲೆಕ್ಕ ಹಾಕಬೇಕು.

ತರಗತಿಯಲ್ಲೇ ದುಡಿಯುವ ಮಗು ಇದ್ದರೆ

ಇರುತ್ತದೆ ಎಂದುಕೊಂಡೇ ಪಾಠ ಮಾಡಿ. "ನಿಮ್ಮಲ್ಲಿ ಯಾರು ಕೆಲಸಕ್ಕೆ ಹೋಗುತ್ತೀರಿ, ಕೈ ಎತ್ತಿ" ಎಂದು ಎಂದೂ ಕೇಳಬೇಡಿ. ದುಡಿಸುವ ತಂದೆತಾಯಿ ಕೆಟ್ಟವರು ಎನ್ನುವ ಮಾತು ಬಂದರೆ ಆ ಮಗು ಅವತ್ತೇ ಬಾಯಿ ಮುಚ್ಚಿಕೊಳ್ಳುತ್ತದೆ. ಹಾಜರಿ ಪುಸ್ತಕ ನೋಡಿ: ಕಬ್ಬು ಕಡಿಯುವ ತಿಂಗಳುಗಳಲ್ಲಿ, ಗೂಡು ಮಾಗುವ ವಾರಗಳಲ್ಲಿ ಯಾರ ಹೆಸರಿನ ಮುಂದೆ ಗೈರುಹಾಜರಿ ಸಾಲುಗಟ್ಟುತ್ತದೆ? ಆ ಮಗುವಿನ ಜೊತೆ ಒಬ್ಬರೇ, ಶಾಲೆ ಬಿಟ್ಟ ಮೇಲೆ ಮಾತನಾಡಿ. ಆಮೇಲೆ ಮುಖ್ಯ ಶಿಕ್ಷಕರು, ಮನೆಯವರು. ಬೇರೆಯವರ ಬಳಿ ಕೂಲಿಗಿದ್ದರೆ, ಸಾಲಕ್ಕೆ ಜೀತದಂತೆ ಬಿಟ್ಟಿದ್ದರೆ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗು ಎಲ್ಲಿದೆ, ಯಾವ ಹೊತ್ತಿನಲ್ಲಿ ಕೆಲಸದಲ್ಲಿರುತ್ತದೆ ಎಂಬೆರಡು ವಿವರವನ್ನು ಮೊದಲೇ ಬರೆದಿಟ್ಟುಕೊಂಡಿರಿ. ಅಲ್ಲಿಗೆ ಹೋಗುವವರಿಗೆ ಅದೇ ಬೇಕಾಗುವುದು.

ಪರೀಕ್ಷೆಗೆ ಒಂದೇ ಪ್ರಶ್ನೆ ಸಾಕು, ಐದು ಅಂಕಕ್ಕೆ: ಬೋರ್ಡಿನ ಮೂಲೆಯಲ್ಲಿ ಐದು ದಿನ ಇದ್ದದ್ದು. ಇಸವಿಗಳಿಗೆ ಒಂದು ಅಂಕ. ಇನ್ಸ್‌ಪೆಕ್ಟರು, ವಯಸ್ಸಿನ ದಾಖಲೆ, ಗಡಿಯಾರ, ಇವುಗಳಲ್ಲಿ ಎರಡನ್ನು ಕಾರಣ ಸಮೇತ ಬರೆದರೆ ಮೂರು. ತಾನು ನೋಡಿದ ಒಂದು ಮನೆ, ಷೆಡ್ಡು ಅಥವಾ ಹೊಲಕ್ಕೆ ಆ ಕಾರಣವನ್ನು ಹೊಂದಿಸಿ ಬರೆದವರಿಗೆ ಉಳಿದ ಒಂದು.